ಕೋಟಿ ಬೆಲೆಯ ಡೊಮೇನ್: ಸುದ್ದಿಯ ಅಂಕಿಯನ್ನು ಬಿಡಿಸಿ ನೋಡುವುದು, ನಿಮ್ಮ ಹೆಸರಿಗೆ ಬೆಲೆ ಕಟ್ಟುವುದು

2019ರಲ್ಲಿ ಮೈಕ್ರೋಸ್ಟ್ರಾಟಜಿ ಕಂಪನಿ ತನ್ನ ಬಳಿ ಇದ್ದ ವಾಯ್ಸ್ ಡಾಟ್ ಕಾಮ್ ಎಂಬ ಒಂದೇ ಒಂದು ಡೊಮೇನ್ ಹೆಸರನ್ನು, ಅಂದರೆ ಜಾಲತಾಣದ ವಿಳಾಸವನ್ನು, ಬ್ಲಾಕ್ ಡಾಟ್ ಒನ್ ಕಂಪನಿಗೆ 3 ಕೋಟಿ ಡಾಲರ್‌ಗೆ ಮಾರಿತು. ಕಟ್ಟಡವಿಲ್ಲ, ಸಿಬ್ಬಂದಿಯಿಲ್ಲ, ಗ್ರಾಹಕರ ಪಟ್ಟಿಯೂ ಇಲ್ಲ. ಐದು ಅಕ್ಷರ, ಒಂದು ಚುಕ್ಕಿ, ಮತ್ತೆ ಮೂರು ಅಕ್ಷರ. ಇಂಥ ಸುದ್ದಿ ಓದಿದ ಕೆಲವರು ಅದೇ ರಾತ್ರಿ ಕೂತು ಹತ್ತಿಪ್ಪತ್ತು ಹೆಸರು ನೋಂದಾಯಿಸಿಬಿಡುತ್ತಾರೆ. ವರ್ಷ ತಿರುಗಿದಾಗ ನವೀಕರಣದ ಬಿಲ್ಲು ಬರುತ್ತದೆ, ಗಿರಾಕಿ ಬರುವುದಿಲ್ಲ.

ಅವರು ಬೆಲೆ ಹೆಸರಿನೊಳಗೇ ಇದೆ ಎಂದುಕೊಂಡಿರುತ್ತಾರೆ. ವ್ಯಾಪಾರದಲ್ಲಿ ನಡೆಯುವುದು ಬೇರೆ: ಆ ಹೆಸರಿಲ್ಲದೆ ಆಗುವುದೇ ಇಲ್ಲ ಎನ್ನುವ ಒಬ್ಬ ಗಿರಾಕಿ, ಅವಸರವಿಲ್ಲದ ಒಬ್ಬ ಮಾಲೀಕ, ಇವರಿಬ್ಬರೂ ಎದುರಾದ ದಿನ ಒಂದು ಅಂಕಿ ಹುಟ್ಟುತ್ತದೆ. ಗಿರಾಕಿ ಬದಲಾದರೆ ಅಂಕಿಯೂ ಬದಲಾಗುತ್ತದೆ. ಕೈಯಲ್ಲಿ ಒಂದು ಹೆಸರಿಟ್ಟುಕೊಂಡು ಎಷ್ಟಕ್ಕೆ ಕೊಡಲಿ ಎಂದು ಯೋಚಿಸುತ್ತಿರುವವರಿಗೂ, ಬೇಕಾದ ಹೆಸರು ಇನ್ನೊಬ್ಬರ ಬಳಿ ಇದೆ ಎಂದು ಪೇಚಾಡುತ್ತಿರುವವರಿಗೂ ಈ ಬರಹ.

ಹಂತ 1: ಸುದ್ದಿಯ ಅಂಕಿಯನ್ನು ಬಿಡಿಸಿ

ದೊಡ್ಡ ಮಾರಾಟದ ಸುದ್ದಿ ಕಂಡಾಗ ಕೇಳಬೇಕಾದ ಮೊದಲ ಪ್ರಶ್ನೆ: ಮಾರಿದ್ದು ಬರೀ ಹೆಸರನ್ನೋ, ಹೆಸರಿನ ಜೊತೆ ನಡೆಯುತ್ತಿದ್ದ ವ್ಯವಹಾರವನ್ನೂ ಸೇರಿಸಿಯೋ? 2010ರಲ್ಲಿ ಕ್ವಿನ್‌ಸ್ಟ್ರೀಟ್ ಕಂಪನಿ ಇನ್ಶೂರೆನ್ಸ್ ಡಾಟ್ ಕಾಮ್‌ಗೆ 3.56 ಕೋಟಿ ಡಾಲರ್, ಕಾರ್‌ಇನ್ಶೂರೆನ್ಸ್ ಡಾಟ್ ಕಾಮ್‌ಗೆ 4.97 ಕೋಟಿ ಡಾಲರ್ ಕೊಟ್ಟಿತು. ದುಬಾರಿ ಡೊಮೇನ್‌ಗಳ ಪಟ್ಟಿಗಳಲ್ಲಿ ಇವೆರಡೂ ತಪ್ಪದೆ ಕಾಣಿಸುತ್ತವೆ. ಆದರೆ ಅಲ್ಲಿ ಕೈಬದಲಾದದ್ದು ಹೆಸರಷ್ಟೇ ಅಲ್ಲ, ಆ ಹೆಸರಿನಲ್ಲಿ ನಡೆಯುತ್ತಿದ್ದ ಜಾಲತಾಣದ ವ್ಯವಹಾರವೂ ಹೌದು. ಬಿಸಿನೆಸ್ ಡಾಟ್ ಕಾಮ್ ಇನ್ನೂ ಒಳ್ಳೆಯ ಪಾಠ. 1999ರಲ್ಲಿ ಅದು ಬರೀ ಹೆಸರಾಗಿ 75 ಲಕ್ಷ ಡಾಲರ್‌ಗೆ ಹೋಯಿತು. 2007ರಲ್ಲಿ ಆರ್.ಎಚ್. ಡೊನೆಲ್ಲಿ ಕಂಪನಿ ಸುಮಾರು 34.5 ಕೋಟಿ ಡಾಲರ್ ಕೊಟ್ಟಾಗ ಖರೀದಿಸಿದ್ದು ಎಂಟು ವರ್ಷ ಕಟ್ಟಿ ಬೆಳೆಸಿದ ಕಂಪನಿಯನ್ನು. ಎರಡನ್ನೂ ಒಂದೇ ಸಾಲಿನಲ್ಲಿಟ್ಟು, ಹೆಸರಿನ ಬೆಲೆ ನಲವತ್ತೈವತ್ತು ಪಟ್ಟು ಏರಿತು ಎನ್ನುವುದು ಹುಸಿಲೆಕ್ಕ.

ಎರಡನೆಯ ಪ್ರಶ್ನೆ: ಹಣ ಒಂದೇ ಸಲ ಬಂತೇ? ಲಾಸ್‌ವೇಗಸ್ ಡಾಟ್ ಕಾಮ್ 9 ಕೋಟಿ ಡಾಲರ್‌ಗೆ ಹೋಯಿತು ಎನ್ನುವುದು ಕಾಗದದ ಮೇಲೆ ಸುಳ್ಳಲ್ಲ. 2005ರ ಆ ಒಪ್ಪಂದದಲ್ಲಿ 1.2 ಕೋಟಿ ಮುಂಗಡ, ಉಳಿದದ್ದು 2040ರವರೆಗೆ ತಿಂಗಳ ಕಂತು. ಕೊಳ್ಳುವವರು ಬೇಡವೆನಿಸಿದರೆ ನಡುವೆಯೇ ಹೆಸರು ಹಿಂದಿರುಗಿಸಿ ಕೈತೊಳೆದುಕೊಳ್ಳಬಹುದಿತ್ತು. ಮೂವತ್ತೈದು ವರ್ಷದ ಕಂತಿನ ಮೊತ್ತವನ್ನು ಇವತ್ತಿನ ಹಣಕ್ಕೆ ಇಳಿಸಿ ನೋಡಿದರೆ ಅಂಕಿ ಎಷ್ಟೋ ಕೆಳಗೆ ಬರುತ್ತದೆ. ಪಾವತಿಯ ಒಂದು ಭಾಗ ಷೇರಿನ ರೂಪದಲ್ಲಿದ್ದರೆ ಅದನ್ನೂ ಬೇರೆಯಾಗಿ ತೂಗಬೇಕು. ಚಾಟ್ ಡಾಟ್ ಕಾಮ್ ಅನ್ನು ಹಬ್‌ಸ್ಪಾಟ್ ಎಂಬ ಸಾಫ್ಟ್‌ವೇರ್ ಕಂಪನಿಯ ಸಹಸ್ಥಾಪಕ ಧರ್ಮೇಶ್ ಶಾ 2023ರಲ್ಲಿ 1.55 ಕೋಟಿ ಡಾಲರ್‌ಗೆ ಕೊಂಡರು. ಅದು ಓಪನ್‌ಎಐ ಕೈಗೆ ಹೋಗಿರುವುದು 2024ರ ನವೆಂಬರ್‌ನಲ್ಲಿ ಬೆಳಕಿಗೆ ಬಂದಾಗ, ಹಣದ ಬದಲು ಷೇರು ಪಡೆದಿರಬಹುದು ಎಂಬ ಸುಳಿವನ್ನು ಅವರೇ ಕೊಟ್ಟರು. ಅಂಥ ಮಾರಾಟದ ಬೆಲೆ ಎಷ್ಟು ಎಂದರೆ, ಆ ಷೇರು ನಾಳೆ ಎಷ್ಟು ಬಾಳುತ್ತದೋ ಅಷ್ಟು.

ಮೂರನೆಯದು, ನಿಜಕ್ಕೂ ಮಾರಾಟ ನಡೆಯಿತೇ? ಕಾರ್ಸ್ ಡಾಟ್ ಕಾಮ್‌ಗೆ 87.2 ಕೋಟಿ ಡಾಲರ್ ಎಂದು ಆಗಾಗ ಓದಲು ಸಿಗುತ್ತದೆ. 2014ರಲ್ಲಿ ಗ್ಯಾನೆಟ್ ಕಂಪನಿ ಆ ಸಂಸ್ಥೆಯ ಉಳಿದ ಪಾಲನ್ನು ಕೊಂಡಾಗ ತನ್ನ ಲೆಕ್ಕಪುಸ್ತಕದಲ್ಲಿ ಹೆಸರಿಗೆ ಬರೆದುಕೊಂಡ ಮೌಲ್ಯ ಅದು. ಯಾರೂ ಯಾರಿಗೂ ಬರೀ ಹೆಸರಿಗೆಂದು ಅಷ್ಟು ಹಣ ಎಣಿಸಿಲ್ಲ.

ಕೊನೆಯದಾಗಿ, ಹೇಳುತ್ತಿರುವವರು ಯಾರು ಎಂದು ನೋಡಿ. ಷೇರುಪೇಟೆಯಲ್ಲಿರುವ ಕಂಪನಿ ನಿಯಂತ್ರಕರಿಗೆ ಸಲ್ಲಿಸಿದ ದಾಖಲೆಯ ಮಾತಿಗೆ ತೂಕ ಹೆಚ್ಚು. ವಾಯ್ಸ್ ಡಾಟ್ ಕಾಮ್ ಬೆಲೆ ಹಾಗೆಯೇ ಹೊರಬಿತ್ತು. ಫೇಸ್‌ಬುಕ್ 2010ರಲ್ಲಿ ಎಫ್‌ಬಿ ಡಾಟ್ ಕಾಮ್ ಕೊಂಡ ಬೆಲೆ ಗೊತ್ತಾದದ್ದು ಮಾರಿದ ಅಮೆರಿಕನ್ ಫಾರ್ಮ್ ಬ್ಯೂರೋ ಫೆಡರೇಷನ್ ತನ್ನ ವಾರ್ಷಿಕ ಸಭೆಯಲ್ಲಿ 85 ಲಕ್ಷ ಡಾಲರ್ ಬಂತೆಂದು ಲೆಕ್ಕ ಒಪ್ಪಿಸಿದ್ದರಿಂದ. ಮಾರಿದವರೇ ಪತ್ರಿಕಾ ಹೇಳಿಕೆ ಹೊರಡಿಸಿ, ಕೊಂಡವರು ಯಾರೆಂದು ಹೇಳದೆ, ದಾಖಲೆಯನ್ನೂ ತೋರಿಸದೆ ಬಿಟ್ಟ ಅಂಕಿಯನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಹಂತ 2: ಗಿರಾಕಿ ಯಾರು ಎಂದು ಕಾಗದದ ಮೇಲೆ ಬರೆಯಿರಿ

ಇಡೀ ಲೆಕ್ಕದ ತಿರುಳು ಇಲ್ಲಿದೆ. ಮಿಕ್ಕ ಹಂತಗಳನ್ನು ಹಾರಿಸಿದರೂ ಇದನ್ನು ಹಾರಿಸಬೇಡಿ.

ಡೊಮೇನ್ ಪೇಟೆಯಲ್ಲಿ ಕೊಳ್ಳುವವರು ಎರಡು ಬಗೆ. ಒಬ್ಬ ಹೂಡಿಕೆದಾರ: ಇವತ್ತು ಕೊಂಡು ನಾಳೆ ಹೆಚ್ಚಿಗೆ ಮಾರುವವನು. ಇನ್ನೊಬ್ಬ ಆ ಹೆಸರಿನಲ್ಲಿ ವ್ಯವಹಾರ ನಡೆಸುವವನು. ಪೇಟೆಯ ಮಾತಿನಲ್ಲಿ ಎಂಡ್ ಯೂಸರ್. ಒಂದೇ ಹೆಸರಿಗೆ ಇವರಿಬ್ಬರು ಕೊಡುವ ಬೆಲೆ ಅಜಗಜಾಂತರ. ಎಂಡ್ ಯೂಸರ್ ಕೊಡಬಹುದಾದ ಬೆಲೆಯ ಹತ್ತರಿಂದ ಇಪ್ಪತ್ತರಷ್ಟು ಶೇಕಡಾವನ್ನು ಹೂಡಿಕೆದಾರ ಕೊಟ್ಟರೆ ಹೆಚ್ಚು ಎನ್ನುವುದು ಪೇಟೆಯಲ್ಲಿ ಬಳಕೆಯಲ್ಲಿರುವ ಅಂದಾಜು. ಹೀಗಾಗಿ ‘ಈ ಹೆಸರಿನ ಬೆಲೆ ಎಷ್ಟು’ ಎಂಬ ಪ್ರಶ್ನೆಗೆ ಎರಡು ಉತ್ತರಗಳಿರುತ್ತವೆ: ಈ ತಿಂಗಳೇ ಹಣ ಬೇಕೆಂದರೆ ಒಂದು, ವರ್ಷಗಟ್ಟಲೆ ಕಾಯುತ್ತೇನೆಂದರೆ ಇನ್ನೊಂದು.

ದೊಡ್ಡ ಮಾರಾಟಗಳ ಹಿಂದೆ ಹೋಗಿ ನೋಡಿ, ಬಹುಪಾಲು ಕಡೆ ಎರಡನೆಯ ಬಗೆಯ ಗಿರಾಕಿಯೇ ಸಿಗುತ್ತಾನೆ. 2015ರಲ್ಲಿ 360 ಡಾಟ್ ಕಾಮ್ ಅನ್ನು ವೊಡಾಫೋನ್ ಕೈಯಿಂದ 1.7 ಕೋಟಿ ಡಾಲರ್‌ಗೆ ಕೊಂಡದ್ದು ಚೀನಾದ ಚೀಹೂ 360. ಕಂಪನಿಯ ಹೆಸರಲ್ಲೇ ಆ ಅಂಕಿ ಇತ್ತು. ಟೆಸ್ಲಾ ವರ್ಷಗಟ್ಟಲೆ ಟೆಸ್ಲಾಮೋಟರ್ಸ್ ಡಾಟ್ ಕಾಮ್ ಎಂಬ ಉದ್ದನೆಯ ಹೆಸರಿನಲ್ಲೇ ಕಾಲ ತಳ್ಳಿತು. ಟೆಸ್ಲಾ ಡಾಟ್ ಕಾಮ್ ಪಡೆಯಲು ಹತ್ತು ವರ್ಷಕ್ಕೂ ಹೆಚ್ಚು ಕಾಲ, 1.1 ಕೋಟಿ ಡಾಲರ್ ಹಿಡಿಯಿತೆಂದು ಇಲಾನ್ ಮಸ್ಕ್ ಮುಂದೆ ಹೇಳಿಕೊಂಡರು. ಜೂಮ್ ಕೂಡ ಜೂಮ್ ಡಾಟ್ ಯುಎಸ್‌ನಲ್ಲಿ ಬೆಳೆದು, 2018ರಲ್ಲಿ ಸುಮಾರು 20 ಲಕ್ಷ ಡಾಲರ್ ಕೊಟ್ಟು ಜೂಮ್ ಡಾಟ್ ಕಾಮ್ ಕೊಂಡಿತು. ಮಹಾಮಾರಿಯ ಕಾಲದಲ್ಲಿ ಆ ಹೆಸರು ಮನೆಮಾತಾಯಿತು. ಮಾಲೀಕ ಇನ್ನೆರಡು ವರ್ಷ ಕಾದಿದ್ದರೆ ಮಾತುಕತೆ ಬೇರೆಯೇ ಮಟ್ಟದಲ್ಲಿ ಶುರುವಾಗುತ್ತಿತ್ತು. ಆದರೆ 2018ರಲ್ಲಿ ಅದು ಯಾರಿಗೆ ಗೊತ್ತಿತ್ತು?

ನಿಮ್ಮ ಹೆಸರಿಗೂ ಇದೇ ಪರೀಕ್ಷೆ ಮಾಡಿ. ಅದೇ ಪದವನ್ನು ಇಟ್ಟುಕೊಂಡು ಮೊದಲಿಗೆ ‘ಗೆಟ್’, ಕೊನೆಗೆ ‘ಆ್ಯಪ್’ ಅಥವಾ ‘ಗ್ರೂಪ್’ ಸೇರಿಸಿ ಕೆಲಸ ನಡೆಸುತ್ತಿರುವ ಕಂಪನಿಗಳು ಎಷ್ಟಿವೆ? ಬೇರೆ ಎಕ್ಸ್‌ಟೆನ್ಷನ್‌ಗಳಲ್ಲಿ (ಚುಕ್ಕಿಯ ಆಚೆಗಿನ ‘ಕಾಮ್’ನಂಥ ಭಾಗ) ಅದೇ ಪದ ಯಾರ ಬಳಿ ಇದೆ? ಅವರಲ್ಲಿ ಬಂಡವಾಳ ಎತ್ತಿದವರು, ಜಾಹೀರಾತಿಗೆ ಹಣ ಸುರಿಯುತ್ತಿರುವವರು ಯಾರು? ಹೀಗೆ ಹತ್ತು ಹೆಸರು ಪಟ್ಟಿಯಾದರೆ ನಿಮ್ಮ ಕೈಯಲ್ಲಿ ಸರಕಿದೆ. ಒಂದೇ ಒಂದು ಹೆಸರು ಬಂದರೆ ಜಾಗ್ರತೆ: ಆ ಒಬ್ಬರು ಬೇಡವೆಂದರೆ ಬೆಲೆ ಸೊನ್ನೆ, ಮೇಲಾಗಿ ಅದು ಅವರ ಟ್ರೇಡ್‌ಮಾರ್ಕ್ ಆಗಿದ್ದರೆ ಕೈಯಲ್ಲಿರುವುದು ಆಸ್ತಿಯಲ್ಲ, ಮೊಕದ್ದಮೆ. ಒಂದೂ ಬರದಿದ್ದರೆ ‘ಮುಂದೆ ಯಾರಾದರೂ ಬಂದಾರು’ ಎಂಬ ಆಸೆಯೊಂದೇ ಉಳಿಯುತ್ತದೆ. ಅದಕ್ಕೆ ವರ್ಷಾವರ್ಷ ನವೀಕರಣ ಶುಲ್ಕ ಕಟ್ಟಬೇಕು.

ಹಂತ 3: ಹೆಸರನ್ನು ಕಿವಿಗೆ ಹಾಕಿ

ಹೆಸರನ್ನು ಫೋನಿನಲ್ಲಿ ಒಂದು ಸಲ ಹೇಳಿ. ಕೇಳಿದವರು ಸ್ಪೆಲಿಂಗ್ ಕೇಳದೆ ಟೈಪ್ ಮಾಡಿದರೆ ಪಾಸು. ನಡುವೆ ಅಡ್ಡಗೆರೆ, ‘ಫಾರ್’ ಬದಲಿಗೆ 4, ಕೊನೆಯಲ್ಲಿ ಎಸ್ ಬದಲು ಝಡ್ ಇಂಥವು ಇದ್ದರೆ ಬೆಲೆ ಅಲ್ಲೇ ಕುಸಿಯುತ್ತದೆ. ಡೊಮೇನನ್ನು ಮನೆ ಕಟ್ಟುವ ಸೈಟಿಗೆ ಹೋಲಿಸುವುದು ವಾಡಿಕೆ, ಆದರೆ ಹೋಲಿಕೆ ಅರ್ಧದಾರಿಗೇ ನಿಲ್ಲುತ್ತದೆ: ಪಕ್ಕದ ಸೈಟು ಇಷ್ಟಕ್ಕೆ ಹೋಯಿತೆಂದರೆ ನಿಮ್ಮದೂ ಹೆಚ್ಚುಕಮ್ಮಿ ಅಷ್ಟಕ್ಕೆ ಹೋಗುತ್ತದೆ, ಡೊಮೇನಿನಲ್ಲಿ ಒಂದಕ್ಷರದ ಆಚೆಗಿರುವ ಹೆಸರಿಗೆ ಆ ಮಾತು ನಿಲ್ಲುವುದಿಲ್ಲ. ಒಂದು ಪದ ಕೋಟಿಗೆ ಹೋದ ಮೇಲೂ ಅದರ ಹಿಂದೆ ಮುಂದೆ ಏನೋ ಅಂಟಿಸಿದ ಹೆಸರು ಮೂಲೆಯಲ್ಲೇ ಬಿದ್ದಿರುತ್ತದೆ.

ಚಿಕ್ಕ ಹೆಸರುಗಳ ಬೆಲೆಗೆ ಕಾರಣ ಸರಳ ಗುಣಾಕಾರ. 26 ಇಂಗ್ಲಿಷ್ ಅಕ್ಷರಗಳಿಂದ ಎರಡಕ್ಷರದ ಡಾಟ್ ಕಾಮ್ ಸಾಧ್ಯವಿರುವುದು 676 ಮಾತ್ರ. ಮೂರಕ್ಷರದವು 17,576, ನಾಲ್ಕಕ್ಷರದವು 4,56,976. ಮೂರಕ್ಷರದವು ಎಂದೋ ಮುಗಿದವು. ಹಾಗೆಂದು ಕೊರತೆಯೊಂದೇ ಬೆಲೆ ತಾರದು. 2015ರಲ್ಲಿ ಚೀನಾದ ಹೂಡಿಕೆದಾರರು ಸ್ವರಗಳೂ ವಿ ಅಕ್ಷರವೂ ಇಲ್ಲದ ನಾಲ್ಕಕ್ಷರದ ಹೆಸರುಗಳಿಗೆ ಮುಗಿಬಿದ್ದರು. ಪೇಟೆಯಲ್ಲಿ ಅವಕ್ಕೆ ಚಿಪ್ಸ್ ಎಂದೇ ಹೆಸರು ಬಿತ್ತು. ಕೆಲವೇ ತಿಂಗಳಲ್ಲಿ ಬೆಲೆ ಹಲವು ಪಟ್ಟು ಏರಿತು, 2016ರಲ್ಲಿ ಬಂದ ದಾರಿಯಲ್ಲೇ ಇಳಿಯಿತು. ಕೊಂಡವರೆಲ್ಲ ಇನ್ನೊಬ್ಬ ಹೂಡಿಕೆದಾರನಿಗೆ ಮಾರುವ ಲೆಕ್ಕದಲ್ಲಿದ್ದರು. ಆ ಹೆಸರಿನಲ್ಲಿ ಅಂಗಡಿ ತೆರೆಯುವವರು ಆ ಸಾಲಿನಲ್ಲಿ ತೀರಾ ಕಡಿಮೆ.

ಹುಡುಕಾಟದ ಪದವೇ ಹೆಸರಾಗಿದ್ದರೆ ಗೂಗಲ್‌ನಲ್ಲಿ ಮೇಲೆ ಬರುತ್ತದೆ ಎಂಬ ಹಳೆಯ ನಂಬಿಕೆಯನ್ನು ಬಿಡುವುದು ಒಳ್ಳೆಯದು. ಪದಕ್ಕೆ ಪದ ಹೊಂದುವ ಕಳಪೆ ತಾಣಗಳನ್ನು ಕೆಳಗಿಳಿಸುವ ಬದಲಾವಣೆಯನ್ನು ಗೂಗಲ್ 2012ರ ಸೆಪ್ಟೆಂಬರ್‌ನಲ್ಲೇ ತಂದಿತು. ನಾಲ್ಕೈದು ಪದ ಕೂಡಿಸಿ ಮಾಡಿದ ಉದ್ದನೆಯ ಹೆಸರುಗಳಿಗೆ ಅಲ್ಲಿಂದ ಮುಂದೆ ಹಳೆಯ ಕಳೆ ಇಲ್ಲ.

ಹಂತ 4: ಚುಕ್ಕಿಯ ಆಚೆ ಏನಿದೆ?

ದೊಡ್ಡ ಮಾರಾಟಗಳ ಪಟ್ಟಿಯ ಮೇಲ್ತುದಿಯಲ್ಲಿ ಬಹುಪಾಲು ಡಾಟ್ ಕಾಮ್. ಅದೇ ಪದ ಬೇರೆ ಎಕ್ಸ್‌ಟೆನ್ಷನ್‌ನಲ್ಲಿದ್ದರೆ ಡಾಟ್ ಕಾಮ್ ಬೆಲೆಯನ್ನು ಮಾದರಿಯಾಗಿ ಇಟ್ಟುಕೊಳ್ಳಲೇಬೇಡಿ.

ಎರಡಕ್ಷರದ ಎಕ್ಸ್‌ಟೆನ್ಷನ್‌ಗಳೆಲ್ಲ ಯಾವುದೋ ದೇಶದ ಅಥವಾ ಪ್ರದೇಶದ ಸ್ವತ್ತು, ಇದನ್ನು ಹಲವರು ಮರೆಯುತ್ತಾರೆ. ಡಾಟ್ ಎಐ ಕೃತಕ ಬುದ್ಧಿಮತ್ತೆಯ ಗುರುತಾಗಿ ಮೆರೆಯುತ್ತಿದ್ದರೂ ಅದು ಕೆರಿಬಿಯನ್‌ನ ಅಂಗ್ವಿಲಾ ದ್ವೀಪದ್ದು. ಕನಿಷ್ಠ ಎರಡು ವರ್ಷಕ್ಕೆ ನೋಂದಾಯಿಸಬೇಕು, ಶುಲ್ಕವೂ ಡಾಟ್ ಕಾಮ್‌ಗಿಂತ ಬಹಳ ಹೆಚ್ಚು. ಡಾಟ್ ಎಲ್‌ವೈ ಲಿಬಿಯಾದ್ದು. ವಿಬಿ ಡಾಟ್ ಎಲ್‌ವೈ ಎಂಬ ಕೊಂಡಿ ಚಿಕ್ಕದಾಗಿಸುವ ಸೇವೆಯ ಹೆಸರನ್ನು ಅಲ್ಲಿನ ನೋಂದಣಿ ಸಂಸ್ಥೆ 2010ರಲ್ಲಿ ಕಿತ್ತುಕೊಂಡಿತು. ಡಾಟ್ ಐಒ ಬ್ರಿಟಿಷ್ ಹಿಂದೂ ಮಹಾಸಾಗರ ಪ್ರದೇಶದ್ದು. ಆ ದ್ವೀಪಗಳನ್ನು ಮಾರಿಷಸ್‌ಗೆ ಒಪ್ಪಿಸುವ ಒಪ್ಪಂದಕ್ಕೆ 2025ರ ಮೇ ತಿಂಗಳಲ್ಲಿ ಸಹಿ ಬಿತ್ತು. ದೇಶವೇ ಇಲ್ಲವಾದ ಮೇಲೆ ಯುಗೊಸ್ಲಾವಿಯಾದ ಡಾಟ್ ವೈಯು 2010ರಲ್ಲಿ ಅಳಿಸಿಹೋಯಿತು. ಡಾಟ್ ಐಒಗೂ ಹಾಗೆಯೇ ಆಗುತ್ತದೆ ಎಂದು ನಾನು ಹೇಳುತ್ತಿಲ್ಲ. ಬೆಲೆ ಕಟ್ಟುವಾಗ ಆ ಅಪಾಯಕ್ಕೆ ಒಂದಿಷ್ಟು ಕಳೆಯಬೇಕು, ಅಷ್ಟೇ.

2013ರಿಂದ ಈಚೆಗೆ ಬಂದ ನೂರಾರು ಹೊಸ ಎಕ್ಸ್‌ಟೆನ್ಷನ್‌ಗಳಲ್ಲಿ ಇನ್ನೊಂದು ಮುಳ್ಳಿದೆ. ಒಳ್ಳೆಯ ಪದಗಳನ್ನು ಪ್ರೀಮಿಯಂ ಎಂದು ಗುರುತಿಸಿ, ಪ್ರತಿ ವರ್ಷವೂ ನೂರಾರು ಅಥವಾ ಸಾವಿರಾರು ಡಾಲರ್ ನವೀಕರಣ ಶುಲ್ಕ ಇಟ್ಟಿರುತ್ತಾರೆ. ಕೊಳ್ಳುವ ಮುನ್ನ ಮೊದಲ ವರ್ಷದ ಬೆಲೆಯ ಜೊತೆಗೆ ನವೀಕರಣದ ಬೆಲೆಯನ್ನೂ ನೋಡಿ.

ಹಂತ 5: ಹೋಲಿಕೆಗೆ ಸರಿಯಾದ ಮಾರಾಟಗಳನ್ನು ಆರಿಸಿ

ನೇಮ್‌ಬಯೊ ಎಂಬ ದತ್ತಸಂಚಯದಲ್ಲಿ ಲಕ್ಷಾಂತರ ಹಳೆಯ ಮಾರಾಟಗಳಿವೆ. ಡಿಎನ್ ಜರ್ನಲ್ ವರದಿಯಾದ ಮಾರಾಟಗಳ ಪಟ್ಟಿಯನ್ನು ಬಹುಕಾಲದಿಂದ ಪ್ರಕಟಿಸುತ್ತ ಬಂದಿದೆ. ಅಲ್ಲಿ ಹುಡುಕುವಾಗ ನಿಮ್ಮ ಹೆಸರಿನಂಥದ್ದೇ ಬೇಕು: ಅದೇ ಎಕ್ಸ್‌ಟೆನ್ಷನ್, ಅಷ್ಟೇ ಪದ, ಅದೇ ವ್ಯವಹಾರ ಕ್ಷೇತ್ರ, ಮೂರು ನಾಲ್ಕು ವರ್ಷದೊಳಗಿನದು. ಮಾರಾಟ ಎಲ್ಲಿ ನಡೆಯಿತು ಎನ್ನುವುದನ್ನೂ ನೋಡಿ. ಅವಧಿ ಮೀರಿದ ಹೆಸರುಗಳ ಹರಾಜಿನಲ್ಲಿ ಬಂದ ಬೆಲೆ ಹೆಚ್ಚಾಗಿ ಹೂಡಿಕೆದಾರರ ಬೆಲೆ. ದಲ್ಲಾಳಿ ಮೂಲಕ ನಡೆದದ್ದು ಸಾಮಾನ್ಯವಾಗಿ ಎಂಡ್ ಯೂಸರ್ ಬೆಲೆ. ಸಿಕ್ಕವುಗಳಲ್ಲಿ ಎಲ್ಲಕ್ಕಿಂತ ಮೇಲಿನದನ್ನೂ ಕೆಳಗಿನದನ್ನೂ ತೆಗೆದುಹಾಕಿ, ನಡುವಿನ ಬೆಲೆ ನೋಡಿ. ಸರಾಸರಿ ತೆಗೆಯಬೇಡಿ, ಒಂದು ದೈತ್ಯ ಮಾರಾಟ ಸಾಕು, ಸರಾಸರಿ ಹುಚ್ಚುಚ್ಚಾಗಿ ಮೇಲೇರಲು.

ಇನ್ನೊಂದು ಮಾತು. ಈ ದತ್ತಸಂಚಯಗಳಲ್ಲಿ ಇರುವುದು ಮಾರಾಟವಾದ ಹೆಸರುಗಳು ಮಾತ್ರ. ಮಾರಾಟಕ್ಕಿಟ್ಟು ಹತ್ತು ವರ್ಷವಾದರೂ ಯಾರೂ ಮೂಸಿನೋಡದ ಅಂಥದ್ದೇ ಹೆಸರುಗಳು ಅಲ್ಲಿ ಕಾಣುವುದಿಲ್ಲ. ಗುಟ್ಟಾಗಿ ನಡೆದ ದೊಡ್ಡ ಮಾರಾಟಗಳೂ ಕಾಣುವುದಿಲ್ಲ, ಬಾಯಿ ಬಿಡಬಾರದೆಂಬ ಕರಾರು ಈ ವ್ಯಾಪಾರದಲ್ಲಿ ತೀರಾ ಸಾಮಾನ್ಯ.

ಹರಾಜಿನ ಬೆಲೆಗಳಲ್ಲೂ ಕಲಬೆರಕೆ ಇರುತ್ತದೆ. ತನ್ನದೇ ಉದ್ಯೋಗಿಯೊಬ್ಬ ಸುಳ್ಳು ಹೆಸರಿನಲ್ಲಿ ವರ್ಷಗಟ್ಟಲೆ ಕೂಗು ಹಾಕಿ ಬೆಲೆ ಏರಿಸಿದ್ದನೆಂದು ಸ್ನ್ಯಾಪ್‌ನೇಮ್ಸ್ ಹರಾಜು ಸಂಸ್ಥೆ 2009ರಲ್ಲಿ ತಾನೇ ಪ್ರಕಟಿಸಿತು. ನೀವು ಹರಾಜಿಗೆ ಇಳಿಯುವುದಾದರೆ ಗರಿಷ್ಠ ಬೆಲೆಯನ್ನು ಮೊದಲೇ ಬರೆದಿಟ್ಟುಕೊಂಡು ಕೂತುಕೊಳ್ಳಿ.

ಎಸ್ಟಿಬಾಟ್, ಗೋಡ್ಯಾಡಿಯಂಥ ತಾಣಗಳ ಸ್ವಯಂಚಾಲಿತ ಮೌಲ್ಯಮಾಪನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಾಧಾರಣ ಹೆಸರು ಯಾವುದು, ತೀರಾ ಕಳಪೆ ಯಾವುದು ಎಂದು ವಿಂಗಡಿಸಲು ಸಾಕು. ನಾಳೆ ಯಾವ ಕಂಪನಿ ಹೆಸರು ಬದಲಿಸುತ್ತದೆ ಎಂಬುದು ಆ ಯಂತ್ರಕ್ಕೆ ಗೊತ್ತಿಲ್ಲ.

ಹಂತ 6: ಇಟ್ಟುಕೊಳ್ಳುವ ಖರ್ಚನ್ನು ಕೂಡಿಸಿ

ಡಾಟ್ ಕಾಮ್ ನಿರ್ವಹಿಸುವ ವೆರಿಸೈನ್ ಸಂಸ್ಥೆಯು ನೋಂದಣಿ ಕಂಪನಿಗಳಿಂದ ವರ್ಷಕ್ಕೆ ಪಡೆಯುವ ಸಗಟು ದರ 2024ರ ಸೆಪ್ಟೆಂಬರ್‌ನಲ್ಲಿ 10.26 ಡಾಲರ್‌ಗೆ ಏರಿತು. ನಿಮ್ಮ ಕೈಗೆ ಬರುವಷ್ಟರಲ್ಲಿ ಅದು ಇನ್ನಷ್ಟು ಹೆಚ್ಚಿರುತ್ತದೆ. ಒಂದು ಹೆಸರಿಗೆ ಇದು ದೊಡ್ಡದಲ್ಲ, ನೂರಾದಾಗ ಕಚ್ಚುತ್ತದೆ.

ಒಂದು ಲೆಕ್ಕ ನೋಡಿ. ನಿಮ್ಮ ಬಳಿ 200 ಹೆಸರಿದೆ, ತಲಾ 11 ಡಾಲರ್‌ನಂತೆ ವರ್ಷಕ್ಕೆ 2,200 ಡಾಲರ್ ಖರ್ಚು. ನೂರಕ್ಕೆ ಒಂದು ಮಾರಾಟವಾದರೆ ವರ್ಷಕ್ಕೆ ಎರಡು. ತಲಾ 1,500ಕ್ಕೆ ಹೋದರೆ 3,000. ಮಾರುಕಟ್ಟೆ ತಾಣದ ಕಮಿಷನ್ ಶೇಕಡಾ 20 ಎಂದರೆ 600 ಹೋಯಿತು. ಉಳಿದ 2,400ರಲ್ಲಿ ನವೀಕರಣ ಕಳೆದರೆ ಕೈಗೆ 200 ಡಾಲರ್. ಆ ಹೆಸರುಗಳನ್ನು ಮೊದಲು ಕೊಂಡ ಬೆಲೆಯನ್ನು ಇನ್ನೂ ಲೆಕ್ಕಕ್ಕೇ ಹಿಡಿದಿಲ್ಲ. ಆ ವರ್ಷ ಒಂದೇ ಹೆಸರು ಮಾರಾಟವಾದರೆ ಸಾವಿರ ಡಾಲರ್ ಕೈಯಿಂದ.

ಪಿಜ್ಜಾ ಡಾಟ್ ಕಾಮ್ ಮಾಲೀಕ 1994ರಲ್ಲಿ ಹೆಸರು ಪಡೆದು 2008ರಲ್ಲಿ 26 ಲಕ್ಷ ಡಾಲರ್‌ಗೆ ಹರಾಜಿನಲ್ಲಿ ಮಾರಿದ್ದು ಎಲ್ಲರಿಗೂ ನೆನಪಿರುತ್ತದೆ. ಹದಿನಾಲ್ಕು ವರ್ಷ ಇಟ್ಟುಕೊಳ್ಳಲು ಅದಕ್ಕಾದ ಖರ್ಚು ಬಂದ ಬೆಲೆಯ ಮುಂದೆ ಏನೂ ಅಲ್ಲ. ಒಂದೇ ಒಂದು ಒಳ್ಳೆಯ ಹೆಸರನ್ನು ದೀರ್ಘಕಾಲ ಇಟ್ಟುಕೊಳ್ಳುವುದು ಅಗ್ಗ. ಇನ್ನೂರು ಸಾಧಾರಣ ಹೆಸರುಗಳನ್ನು ಇಟ್ಟುಕೊಳ್ಳುವುದು ದುಬಾರಿ. ಹಂತ 2ರ ಪರೀಕ್ಷೆಯಲ್ಲಿ ಸೋತ ಹೆಸರುಗಳನ್ನು ನವೀಕರಿಸದೆ ಬಿಟ್ಟುಬಿಡಿ.

ಹಂತ 7: ಹಕ್ಕು ಮತ್ತು ಚರಿತ್ರೆ

ಟ್ರೇಡ್‌ಮಾರ್ಕ್ ಪರಿಶೀಲನೆ ಮೊದಲು. ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಜಾಗತಿಕ ಬ್ರ್ಯಾಂಡ್ ದತ್ತಸಂಚಯದಲ್ಲಿ ಹೆಸರನ್ನು ಉಚಿತವಾಗಿ ಹುಡುಕಬಹುದು. ಡೊಮೇನ್ ತಗಾದೆಗಳಿಗೆ, ಡೊಮೇನ್ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆ 1999ರಲ್ಲಿ ಯುಡಿಆರ್‌ಪಿ ಎಂಬ ಕ್ರಮವನ್ನು ತಂದಿತು. ದೂರುದಾರರು ಮೂರನ್ನು ಸಾಬೀತು ಮಾಡಬೇಕು: ಹೆಸರು ತಮ್ಮ ಗುರುತಿಗೆ ಗೊಂದಲವಾಗುವಷ್ಟು ಹೋಲುತ್ತದೆ, ಹೊಂದಿರುವವರಿಗೆ ಅದರ ಮೇಲೆ ನ್ಯಾಯವಾದ ಹಕ್ಕಿಲ್ಲ, ನೋಂದಣಿಯೂ ಬಳಕೆಯೂ ದುರುದ್ದೇಶದ್ದು. ಒಬ್ಬ ತೀರ್ಪುಗಾರರ ಮುಂದೆ ಐದು ಹೆಸರುಗಳವರೆಗೆ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಶುಲ್ಕ 1,500 ಡಾಲರ್. ಅಂದರೆ ಹೆಸರಾಂತ ಕಂಪನಿಯೊಂದರ ಗುರುತನ್ನೇ ನೋಂದಾಯಿಸಿಕೊಂಡು ಹತ್ತು ಸಾವಿರ ಕೇಳಿದರೆ, ಅವರಿಗೆ ವಕೀಲರ ಮೂಲಕ ಹೋಗುವುದೇ ಲಾಭ. ನೀವು ಕಳುಹಿಸಿದ ಬೆಲೆಯ ಪತ್ರವೇ ದುರುದ್ದೇಶಕ್ಕೆ ಸಾಕ್ಷಿಯಾದೀತು. ನಿಘಂಟಿನ ಸಾಮಾನ್ಯ ಪದವನ್ನು ಆ ಪದದ ಅರ್ಥಕ್ಕೇ ಇಟ್ಟುಕೊಂಡವರು ಇಷ್ಟು ಹೆದರಬೇಕಿಲ್ಲ.

ಎರಡನೆಯದು, ಹೆಸರು ಹಿಂದೆ ಏನಾಗಿತ್ತು? ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಹಳೆಯ ಪುಟಗಳನ್ನು ತೆರೆದು ನೋಡಿ. ಜೂಜು, ನಕಲಿ ಔಷಧ, ಸ್ಪ್ಯಾಮ್‌ಗೆ ಬಳಕೆಯಾಗಿದ್ದರೆ ಈಮೇಲ್ ತಡೆಪಟ್ಟಿಗಳಲ್ಲಿ ಸಿಕ್ಕಿಕೊಂಡಿರಬಹುದು. ಕೊಂಡ ಮೇಲೆ ನಿಮ್ಮ ಪತ್ರಗಳು ಯಾರಿಗೂ ಮುಟ್ಟುವುದಿಲ್ಲ.

ಮೂರನೆಯದು, ಮಾರುತ್ತಿರುವವರು ನಿಜವಾದ ಮಾಲೀಕರೇ? ಸೆಕ್ಸ್ ಡಾಟ್ ಕಾಮ್ ಪ್ರಕರಣವನ್ನು ಈ ಕ್ಷೇತ್ರದವರು ಇಂದಿಗೂ ನೆನೆಯುತ್ತಾರೆ. 1994ರಲ್ಲಿ ನೋಂದಾಯಿಸಿದ್ದ ಹೆಸರನ್ನು 1995ರಲ್ಲಿ ಒಬ್ಬ ನಕಲಿ ಪತ್ರ ಕಳುಹಿಸಿ ತನ್ನ ಕೈವಶ ಮಾಡಿಕೊಂಡ. ವರ್ಷಗಳ ಕಾದಾಟದ ನಂತರ ಹೆಸರು ಮೂಲ ಮಾಲೀಕನಿಗೆ ಮರಳಿತು. ಡೊಮೇನ್ ಹೆಸರೂ ಕದಿಯಬಹುದಾದ ಆಸ್ತಿಯೇ ಎಂದು ಅಮೆರಿಕದ ಒಂಬತ್ತನೆಯ ವಲಯ ಮೇಲ್ಮನವಿ ನ್ಯಾಯಾಲಯ 2003ರಲ್ಲಿ ಹೇಳಿದ್ದು ಇದೇ ಪ್ರಕರಣದಲ್ಲಿ. ಕಳ್ಳಮಾಲು ಕೊಂಡವರು ಹಣವನ್ನೂ ಹೆಸರನ್ನೂ ಕಳೆದುಕೊಳ್ಳುತ್ತಾರೆ. ನೋಂದಣಿ ದಾಖಲೆ ಇತ್ತೀಚೆಗೆ ತಟ್ಟನೆ ಬದಲಾಗಿದ್ದರೆ, ಹತ್ತಾರು ವರ್ಷ ಒಂದೇ ಕಡೆ ಇದ್ದ ಹೆಸರು ಹೋದ ತಿಂಗಳು ಬೇರೆ ನೋಂದಣಿ ಕಂಪನಿಗೆ ಹಾರಿದ್ದರೆ, ಬೆಲೆ ನಂಬಲಾಗದಷ್ಟು ಕಡಿಮೆಯಿದ್ದರೆ ಅಲ್ಲೇ ನಿಲ್ಲಿ.

ಹಂತ 8: ಚೌಕಾಶಿ

ಮಾರುವವರಿಗೆ: ಇದಕ್ಕಿಂತ ಕೆಳಗೆ ಕೊಡುವುದಿಲ್ಲ ಎಂಬ ಬೆಲೆ, ಕೇಳುವ ಬೆಲೆ, ಎರಡನ್ನೂ ಮೊದಲೇ ನಿರ್ಧರಿಸಿ. ಸಾವಿರಗಳ ಮಟ್ಟದ ಹೆಸರಿಗೆ ‘ಈಗಲೇ ಕೊಳ್ಳಿ’ ಎಂದು ನಿಗದಿತ ಬೆಲೆ ಹಾಕುವುದೇ ಒಳ್ಳೆಯದು. ಬೆಲೆ ಕಾಣದಿದ್ದರೆ ಎಷ್ಟೋ ಗಿರಾಕಿಗಳು ಕೇಳುವ ಗೋಜಿಗೇ ಹೋಗುವುದಿಲ್ಲ. ಲಕ್ಷ ಡಾಲರ್ ದಾಟಬಹುದಾದ ಹೆಸರಿಗೆ ಬೆಲೆ ಬರೆಯಬೇಡಿ, ಕೇಳಿಕೊಂಡು ಬಂದವರು ಯಾರೆಂದು ತಿಳಿದ ಮೇಲೆ ಮಾತನಾಡಿ. ‘ಭಾರಿ ಬೆಲೆಗೆ ಕೊಳ್ಳುತ್ತೇನೆ, ಮೊದಲು ಈ ತಾಣದಿಂದ ಮೌಲ್ಯಮಾಪನ ಪ್ರಮಾಣಪತ್ರ ತನ್ನಿ’ ಎಂದು ಈಮೇಲ್ ಬಂದರೆ ಅದು ವಂಚನೆ. ಆ ತಾಣವೂ ಅವರದೇ, ಪ್ರಮಾಣಪತ್ರದ ಶುಲ್ಕವೇ ಅವರ ಸಂಪಾದನೆ.

ಕೊಳ್ಳುವವರಿಗೆ: ಕಂಪನಿಯ ಈಮೇಲ್‌ನಿಂದ ವಿಚಾರಿಸಿದರೆ ಕಂಪನಿಯ ಗಾತ್ರ ನೋಡಿ ಬೆಲೆ ಹೇಳುತ್ತಾರೆ. ಟೆಸ್ಲಾದಂಥ ಗಿರಾಕಿಗೆ ತನ್ನ ಗರಜನ್ನು ಮುಚ್ಚಿಡುವ ದಾರಿಯೇ ಇರಲಿಲ್ಲ. ನಿಮಗಿದೆ. ದಲ್ಲಾಳಿಯ ಮೂಲಕ ಹೋಗಿ, ಉತ್ಪನ್ನದ ಹೆಸರನ್ನು ಘೋಷಿಸುವ ಮೊದಲೇ ಹೋಗಿ, ಜೊತೆಗೆ ಇನ್ನೆರಡು ಹೆಸರು ಮನಸ್ಸಿನಲ್ಲಿಟ್ಟುಕೊಂಡು ಹೋಗಿ. ಬದಲಿ ಹೆಸರಿಲ್ಲದೆ ಮಾತಿಗೆ ಕೂತವರು ಚೌಕಾಶಿ ಮಾಡಲಾರರು. ಎಲ್ಲಿಯವರೆಗೆ ಏರಬಹುದು ಎನ್ನುವುದಕ್ಕೆ ನನಗೆ ತೋಚುವ ಒಂದೇ ಅಳತೆ: ಈ ಹೆಸರಿಲ್ಲದಿದ್ದರೆ ಜನರಿಗೆ ನಿಮ್ಮನ್ನು ಪರಿಚಯಿಸಲು ಮುಂದಿನ ಐದು ವರ್ಷ ಜಾಹೀರಾತಿಗೆ ಎಷ್ಟು ಹೆಚ್ಚು ಸುರಿಯಬೇಕಾದೀತು? ಹೆಸರಿನ ಬೆಲೆ ಅದನ್ನು ದಾಟಿದರೆ ಬಿಡಿ. ವಾಯ್ಸ್ ಡಾಟ್ ಕಾಮ್‌ಗೆ ಅಷ್ಟು ಹಣ ಸುರಿದು ಕಟ್ಟಿದ ವೇದಿಕೆ ಕೆಲವೇ ವರ್ಷಗಳಲ್ಲಿ ಬಾಗಿಲು ಹಾಕಿತು. ಒಳ್ಳೆಯ ಹೆಸರು ಬಡ ಉತ್ಪನ್ನವನ್ನು ಕಾಯುವುದಿಲ್ಲ.

ಹಂತ 9: ಹಣ ಮತ್ತು ಹೆಸರು ಕೈಬದಲಾಗುವುದು

ಅಪರಿಚಿತರ ನಡುವಿನ ವ್ಯವಹಾರದಲ್ಲಿ ಎಸ್ಕ್ರೋ ಇಲ್ಲದೆ ಹೆಜ್ಜೆ ಇಡಬೇಡಿ. ಕೊಳ್ಳುವವರು ಎಸ್ಕ್ರೋ ಸಂಸ್ಥೆಗೆ ಹಣ ಕಟ್ಟುತ್ತಾರೆ, ಹಣ ಬಂತೆಂದು ಸಂಸ್ಥೆ ಖಚಿತಪಡಿಸುತ್ತದೆ, ಮಾರುವವರು ಹೆಸರು ವರ್ಗಾಯಿಸುತ್ತಾರೆ, ಕೊಂಡವರು ಕೈಸೇರಿತೆಂದ ಮೇಲೆ ಹಣ ಬಿಡುಗಡೆಯಾಗುತ್ತದೆ. ಎಸ್ಕ್ರೋ ಸಂಸ್ಥೆಯ ವಿಳಾಸವನ್ನು ನೀವೇ ಟೈಪ್ ಮಾಡಿ ಹೋಗಿ. ಎದುರಿನವರು ಕಳುಹಿಸಿದ ಕೊಂಡಿ ಒತ್ತಬೇಡಿ, ನಕಲಿ ಎಸ್ಕ್ರೋ ತಾಣಗಳು ಹೇರಳ. ಶುಲ್ಕ ಯಾರದ್ದು ಎಂದು ಮೊದಲೇ ಮಾತಾಗಲಿ.

ಇಬ್ಬರೂ ಒಂದೇ ನೋಂದಣಿ ಕಂಪನಿಯಲ್ಲಿದ್ದರೆ ಖಾತೆಯಿಂದ ಖಾತೆಗೆ ತಳ್ಳುವುದು ಗಂಟೆಯೊಳಗಿನ ಕೆಲಸ. ಬೇರೆ ಬೇರೆ ಕಡೆಯಾದರೆ ಬೀಗ ತೆಗೆದು, ವರ್ಗಾವಣೆ ಸಂಕೇತ ಪಡೆದು, ಕೆಲವು ದಿನ ಕಾಯಬೇಕು. ಹೊಸದಾಗಿ ನೋಂದಾಯಿಸಿದ ಅಥವಾ ಈಗಷ್ಟೇ ವರ್ಗವಾದ ಹೆಸರು 60 ದಿನ ಅಲ್ಲಾಡದಿರಬಹುದು. ಕರಾರಿಗೆ ಮುನ್ನ ಇದನ್ನು ಕೇಳಿ. ಕಂತಿನ ವ್ಯವಹಾರವಾದರೆ ಕೊನೆಯ ಕಂತು ಮುಗಿಯುವವರೆಗೆ ಹೆಸರು ಇಬ್ಬರ ಕೈಯಲ್ಲೂ ಇರದೆ ಮಧ್ಯಸ್ಥರ ಖಾತೆಯಲ್ಲಿರಲಿ. ಕೊಂಡವರು ಬಳಸಬಹುದು, ಮಾರಲಾಗದು.

ಹೆಸರು ನಿಮ್ಮ ಖಾತೆಗೆ ಬಂದ ದಿನವೇ ಮಾಡಬೇಕಾದ ಕೆಲಸಗಳಿವೆ. ನೋಂದಣಿಯ ಬೀಗ ಮತ್ತೆ ಹಾಕಿ, ಖಾತೆಗೆ ಎರಡು ಹಂತದ ದೃಢೀಕರಣ ಇಡಿ, ಸಂಪರ್ಕದ ಈಮೇಲ್ ಅದೇ ಡೊಮೇನಿನದ್ದಾಗದಂತೆ ನೋಡಿಕೊಳ್ಳಿ. ಡೊಮೇನ್ ಕೆಟ್ಟರೆ ಈಮೇಲೂ ಕೆಡುತ್ತದೆ. ಡಾಟ್ ಕಾಮ್ ಅನ್ನು ಒಟ್ಟು 10 ವರ್ಷದವರೆಗೆ ಮುಂಗಡ ನವೀಕರಿಸಬಹುದು, ದುಬಾರಿ ಹೆಸರಿಗೆ ಅಷ್ಟನ್ನೂ ಕಟ್ಟಿಬಿಡಿ. ಮಾರಿದವರ ಹಳೆಯ ಡಿಎನ್‌ಎಸ್ ನಮೂದುಗಳನ್ನು (ಹೆಸರು ಯಾವ ಸರ್ವರ್‌ಗೆ ಹೋಗಬೇಕೆಂದು ಹೇಳುವ ಸಾಲುಗಳು) ಒಂದೊಂದಾಗಿ ನೋಡಿ ಅಳಿಸಿ. ಎಸ್ಕ್ರೋಗೆ ‘ಸರಿಯಾಗಿದೆ’ ಎಂಬ ಉತ್ತರ ಇದೆಲ್ಲ ಆದ ಮೇಲೆ ಹೋಗಲಿ.